ದೊಡ್ಡಜ್ಜನ ಒಳಗಿದ್ದವರು

ನನ್ನ ತಂಗಿಯ ಗಂಡ ಹಾಸಿಗೆ ಹೊಲಿಯುವವರು. ಗಟ್ಟಿಯಾದ ಹಳೇ ಹತ್ತಿಯನ್ನು ಬಿಡಿಸಿ, ಹಿಂಜಿ, ಮತ್ತೆ ತುಂಬಿ, ಉದ್ದ ಸೂಜಿಯಲ್ಲಿ ಹೊಲಿದು ಕೊಡುತ್ತಾರೆ. ತಲೆಯಲ್ಲಿ, ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ. ಮಾತು ಕಮ್ಮಿ. ರಸ್ತೆಯಲ್ಲಿ ಎದುರಾದರೆ ಯಾರೂ ನಿಂತು ಮಾತಾಡಿಸುವವರಲ್ಲ. ವರ್ಷಕ್ಕೊಂದು ದಿನ ಮಾತ್ರ ಊರಿಗೆ ಊರೇ ಅವರ ಹಿಂದೆ ಓಡುತ್ತಿತ್ತು. ಅದು ಅವರೇ ಅಂತ ಯಾರಿಗೂ ಗೊತ್ತಿರಲಿಲ್ಲ.

ಊರಿನ ಉತ್ಸವದ ಮೆರವಣಿಗೆಯಲ್ಲಿ ದೊಡ್ಡಜ್ಜ ಅಂತ ಒಂದು ಗೊಂಬೆ. ಬಿದಿರಿನ ಮೈ, ಕಾಗದ ಅಂಟಿಸಿದ ತಲೆ, ನೆಲದ ತನಕ ನಿಲುವಂಗಿ. ಮಹಡಿ ಕಿಟಕಿಯಲ್ಲಿ ಇಣುಕಿದವರಿಗೆ ಅದರ ಮೂಗು ತಾಗಬೇಕು, ಅಷ್ಟು ಎತ್ತರ. ಅದನ್ನು ಹೊತ್ತು ಹಳೇ ಕೋಟೆ ಬಾಗಿಲಿನಿಂದ ಮೈದಾನದವರೆಗೆ ಕುಣಿಸುತ್ತಿದ್ದವರು ಇವರು. ಒಳಗೆ ಯಾರಿದ್ದಾರೆ ಅಂತ ಹೊರಗೆ ಹೇಳಬಾರದು, ಮಕ್ಕಳ ಖುಷಿ ಹಾಳಾಗುತ್ತೆ ಅನ್ನುವುದು ಉತ್ಸವ ಸಮಿತಿಯವರ ಕಟ್ಟಪ್ಪಣೆ. ಮದುವೆಯಾದ ವರ್ಷದಿಂದ ಇವರು ಅದನ್ನು ಮೀರಿದವರಲ್ಲ.

ಒಳಗಿನಿಂದ ಏನೂ ಕಾಣುವುದಿಲ್ಲ. ಹೊಟ್ಟೆಯ ಹತ್ತಿರ ಒಂದು ಸೀಳು, ಅದರಲ್ಲಿ ಕಾಲಡಿಯ ನೆಲ ಕಂಡರೆ ಹೆಚ್ಚು.

"ಎಲ್ಲಾ ಕಿವೀಲೇ ಅಕ್ಕ," ಅಂತ ನನಗೊಮ್ಮೆ ಹೇಳಿದ್ದರು. "ಮಾತು ತಿಳಿಯಲ್ಲ, ಬರೀ ಸದ್ದು. ಚಪ್ಪಾಳೆ ತಟ್ಟಿದ್ರೆ ಬಗ್ಗಬೇಕು. ಸುಮ್ಮನಾದ್ರೆ ಮುಂದೆ ನಡೀಬೇಕು. ನಕ್ಕರೆ ಕುಣೀಬೇಕು."

ಮಂಡಿ ಸವೆದು, ಏಳಲು ಕೂರಲು ಗೋಡೆ ಹಿಡಿಯುವಂತಾದಾಗ "ಇದೇ ಕೊನೇ ಸಲ" ಅಂದರು. ಅವತ್ತೇ ಸಮಿತಿಯ ಕಾರ್ಯದರ್ಶಿಯ ಹತ್ತಿರ ಒಂದು ಆಸೆ ಬಾಯಿಬಿಟ್ಟರು. ಒಂದೇ ಒಂದು ಸಲ ಜನ ತಮ್ಮ ಮುಖ ನೋಡಬೇಕು.

"ಅದಕ್ಕೇನಂತೆ ಹಾಸಿಗೆಯವರೇ," ಅಂದರು ಕಾರ್ಯದರ್ಶಿ. "ವೇದಿಕೆ ಮೇಲೇ ಗೊಂಬೆ ಮಲಗಿಸಿ ನಿಮ್ಮನ್ನ ಹೊರಗೆ ಕರೀತೀವಿ. ಎಲ್ಲರ ಎದುರಿಗೆ ಪದಕ ಹಾಕಿಸ್ತೀವಿ."

ಉತ್ಸವದ ಬೆಳಿಗ್ಗೆ ತಂಗಿ ತನ್ನ ಗಂಡನನ್ನು ಮುಂದೆ ಕೂರಿಸಿಕೊಂಡು ಹುಬ್ಬಿನ ಹತ್ತಿ ಆರಿಸಿದಳು.

"ರೀ, ಸ್ವಲ್ಪ ನಗೋದನ್ನಾದ್ರೂ ಕಲೀರಿ. ಹಿಂಗೇ ನಿಂತ್ರೆ ಗೊಂಬೇನೇ ವಾಸಿ ಅಂತಾರೆ ಜನ."

"ಇಷ್ಟು ವರ್ಷ ನೀನು ಸಹಿಸಿಕೊಂಡಿಲ್ವೇನೇ? ಅವರಿಗೆ ಒಂದು ಗಳಿಗೆ ಆಗಲ್ವಾ?"

ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದೇ ಅಪರೂಪ.

ಮೈದಾನದಲ್ಲಿ ನಾನೂ ತಂಗಿಯೂ ಮುಂದೆಯೇ ಕೂತಿದ್ದೆವು. ದೊಡ್ಡಜ್ಜ ವೇದಿಕೆ ಹತ್ತಿ ನಿಂತ. ಕಾರ್ಯದರ್ಶಿ ಮೈಕಿನಲ್ಲಿ "ನಮ್ಮ ಊರಿನ ಹೆಮ್ಮೆ!" ಅಂತ ಕೂಗಿದರು. ಗೊಂಬೆಯನ್ನು ಮಲಗಿಸಲು ಇಬ್ಬರು ಬಂದರು. ಅಷ್ಟರಲ್ಲಿ ಫೋಟೋದವನು ಕೈ ಅಡ್ಡ ಹಿಡಿದ.

"ಮಲಗಿಸಬೇಡಿ ಸಾರ್, ನಿಂತಿದ್ರೇನೇ ಚೆಂದ."

ಪದಕ ಹಾಕಲು ಬಂದಿದ್ದ ಮುಖ್ಯ ಅತಿಥಿ ಗಡಿಯಾರ ನೋಡಿಕೊಂಡರು. ಕಾರ್ಯದರ್ಶಿ ಹಿಂದೆಮುಂದೆ ನೋಡಲಿಲ್ಲ. "ಹಾಗಾದ್ರೆ ಗೊಂಬೆಗೇ ಹಾಕಿಬಿಡಿ ಸಾರ್," ಅಂದುಬಿಟ್ಟರು. ಏಣಿ ಬಂತು. ಪದಕ ಕಾಗದದ ಕುತ್ತಿಗೆಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಗೊಂಬೆ ಬಗ್ಗಿತು.

ತಂಗಿ ನನ್ನ ಕೈ ಕೊಸರಿಕೊಂಡು ಎದ್ದಳು. ಜೋರಾಗಿ ಮಾತಾಡಿ ಗೊತ್ತಿಲ್ಲದವಳು ಗಂಟಲು ಹರಿಯುವ ಹಾಗೆ ಕೂಗಿದಳು.

"ಒಳಗೆ ನಮ್ಮ ಯಜಮಾನರಿದ್ದಾರೆ! ಅವರನ್ನ ಹೊರಗೆ ಕರೀರಿ!"

ಮೈದಾನ ಗಪ್ಪಾಯಿತು. ಗೊಂಬೆ ಒಂದು ಹೆಜ್ಜೆ ಮುಂದೆ ಬಂತು. ಅವರಿಗೆ ಕೇಳಿಸಿತು, ಬರುತ್ತಿದ್ದಾರೆ ಅಂತಲೇ ಅವಳು ತಿಳಿದಳು, ಮುಖ ಅರಳಿತು. ಆಗ ಹಿಂದಿನಿಂದ ಯಾವನೋ ಒದರಿದ:

"ಲೋ, ದೊಡ್ಡಜ್ಜಿ ಬಂದ್ಳು ನೋಡ್ರೋ!"

ಮೈದಾನವೆಲ್ಲ ಘೊಳ್ಳೆಂದಿತು. ನಗು ಕೇಳಿದ್ದೇ ತಡ, ಗೊಂಬೆ ಕುಣಿಯತೊಡಗಿತು. ಅವಳು ಮತ್ತೆ ಕೂಗಿದಳು. ಜನ ಮತ್ತೆ ನಕ್ಕರು. ಆ ಮಂಡಿ ಇಟ್ಟುಕೊಂಡು ಅವರು ಇನ್ನಷ್ಟು ಕುಣಿದರು. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು.

ಅವರನ್ನು ಹೊರಗೆ ತೆಗೆದದ್ದು ವೇದಿಕೆಯ ಹಿಂದೆ, ಕುರ್ಚಿ ಪೇರಿಸಿಟ್ಟಿದ್ದ ಕಡೆ. ಮನೆಗೆ ಬಂದು ಬಿಸಿನೀರಲ್ಲಿ ಕಾಲಿಟ್ಟುಕೊಂಡು ಅಂದರು:

"ಪದಕ ಹೋಗಲಿ ಬಿಡೇ. ಆದ್ರೆ ಜನ ಎಷ್ಟು ನಕ್ಕರು! ನನ್ನ ಜನ್ಮದಲ್ಲೇ ಅಂಥ ನಗು ಕೇಳಿರಲಿಲ್ಲ."

"ಹೂಂ," ಅಂದಳು ತಂಗಿ. ಜನ ನಕ್ಕದ್ದು ಯಾತಕ್ಕೆ ಅಂತ ನಾನೂ ಹೇಳಲಿಲ್ಲ.

ಆ ನಗುವನ್ನೇ ನೆನೆದು ಅವರು ವರ್ಷ ಕಳೆದರು. ಹಾಸಿಗೆ ಹೊಲಿಸಲು ಬಂದವರಿಗೂ ಹೇಳುವ ಹಾಗಿಲ್ಲ, ತಮ್ಮಷ್ಟಕ್ಕೆ ತಾವೇ ಮುಗುಳ್ನಗುವರು. ಪದಕ ಹಾಕಿಕೊಂಡ ದೊಡ್ಡಜ್ಜನನ್ನು ಮತ್ತೆ ಉತ್ಸವ ಬರುವ ತನಕ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು.

ಮುಂದಿನ ಉತ್ಸವಕ್ಕೆ ಮುಂಚೆ ಕಾರ್ಯದರ್ಶಿ ಮನೆಗೇ ಬಂದರು. ಹೊಸಬನಿಗೆ ಕುಣಿತ ಹೇಳಿಕೊಡಬೇಕಂತೆ. ಇವರು ಸೂಜಿ ಬದಿಗಿಟ್ಟು ಆಗಲೇ ಗೋಡೆ ಹಿಡಿದು ಏಳುತ್ತಿದ್ದರು. ಟೀ ಮುಗಿಸಿದ ಕಾರ್ಯದರ್ಶಿ ತಂಗಿಯ ಕಡೆ ತಿರುಗಿದರು.

"ಅಮ್ಮ, ಹೋದ ಸಲ ನೀವು ಕೂಗಿದ್ದನ್ನ ಜನ ಇನ್ನೂ ಆಡಿಕೊಂಡು ನಗ್ತಾರೆ. ಈ ಸಲವೂ ಹಾಗೇ ಎದ್ದು ಕೂಗಿಬಿಡಿ. ಒಳ್ಳೇ ಐಟಮ್ ಆಗುತ್ತೆ."

ಇವರು ಅರ್ಧ ಎದ್ದವರು ಹಾಗೇ ನಿಂತರು.

"ಏನೇ ಕೂಗಿದ್ದೆ?"

"ನೀವು ಒಳಗಿದ್ದೀರಿ ಅಂತ."

"ಯಾವಾಗ?"

"ನೀವು ಕುಣಿದಾಗ."

"ಹಂಗಾದ್ರೆ ಆ ನಗು..." ಅಂದರು. ಗೋಡೆಗುಂಟ ಜಾರಿ ಕೂತು ಹತ್ತಿ ಹಿಂಜತೊಡಗಿದರು.

ತಂಗಿ ಕಾರ್ಯದರ್ಶಿಯ ಮುಂದಿನ ಲೋಟ ಎತ್ತಿಕೊಂಡಳು. "ಹೊರಡಿ ಸ್ವಾಮಿ. ಪದಕ ಹಾಕಿಸಿಕೊಂಡದ್ದು ಗೊಂಬೆ ತಾನೇ? ಅದೇ ಹೇಳಿಕೊಡಲಿ ಕುಣಿತ."

ಈ ವರ್ಷ ನಾವು ಯಾರೂ ಹೋಗಲಿಲ್ಲ. ಗೊಂಬೆಯನ್ನು ಯಾರೋ ಹೊಸಬ ಹೊತ್ತನಂತೆ. ಎದ್ದು ನಿಂತು ಕೂಗುವುದಕ್ಕೆ ನಾಟಕದ ಹೆಂಗಸೊಬ್ಬಳನ್ನು ಗೊತ್ತು ಮಾಡಿದ್ದರಂತೆ. ಜನ ಬಿದ್ದು ಬಿದ್ದು ನಕ್ಕರಂತೆ.