ನನ್ನ ಶಿಫಾರಸನ್ನು ನಾನೇ ಬರೆದದ್ದು

ಎಂಬಿಎ ಅರ್ಜಿಗೆ ಬೇಕಾದದ್ದೆಲ್ಲ ನನ್ನ ಹತ್ತಿರ ಇತ್ತು, ಮೇಲಧಿಕಾರಿಯ ಶಿಫಾರಸು ಪತ್ರವೊಂದನ್ನು ಬಿಟ್ಟು. ಅದೊಂದಕ್ಕಾಗಿ ಪಟ್ಟ ಪಾಡು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನ್ನ ಕೆಲಸ. ಯಾವುದೋ ದೇಶದ ಅಂಗಡಿಗಳ ಬಿಲ್ಲಿಂಗ್ ವ್ಯವಸ್ಥೆ ನಿಂತುಹೋಗದಂತೆ ನೋಡಿಕೊಳ್ಳುವ ತಂಡ ನನ್ನದು. ಆ ಅಂಗಡಿಯವರಿಗೆ ನಾವು ಇದ್ದೇವೆಂಬುದೇ ಗೊತ್ತಾಗದಿದ್ದರೆ ನಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ ಎಂದರ್ಥ. ನನ್ನ ಹತ್ತಿರ ಕಲಿತವರು ಒಬ್ಬೊಬ್ಬರಾಗಿ ಮ್ಯಾನೇಜ್‌ಮೆಂಟ್ ಡಿಗ್ರಿ ಹಿಡಿದು ಬಂದು ನನ್ನ ಮೇಲಿನ ಕುರ್ಚಿಗಳಲ್ಲಿ ಕುಳಿತದ್ದಾಯಿತು. ಯಾವ ಕೆಲಸ ಒಪ್ಪಿಕೊಳ್ಳಬೇಕು, ಯಾವುದು ಬೇಡ, ಎಷ್ಟು ಜನ ಬೇಕು ಎಂದು ತೀರ್ಮಾನಿಸುವ ಮೀಟಿಂಗಿಗೆ ನನ್ನನ್ನೂ ಕರೆಯುತ್ತಿದ್ದರು, ಸ್ಲೈಡ್ ಸರಿಮಾಡಿಕೊಡುವುದಕ್ಕೆ. ತೀರ್ಮಾನ ಮಾಡುವವರ ನಡುವೆ ನನಗೂ ಒಂದು ಜಾಗ ಬೇಕಿತ್ತು. ನಲವತ್ತು ಹತ್ತಿರ ಬಂದಿತ್ತು. ಇನ್ನೂ ಕಾದರೆ ಆಗುವುದಿಲ್ಲವೆಂದು, ಅನುಭವಸ್ಥರಿಗಾಗಿಯೇ ಇರುವ ಎಂಬಿಎಗೆ ಅರ್ಜಿ ಹಾಕಲು ಹೊರಟೆ.

ಅರ್ಜಿ ತಿದ್ದಿಕೊಡುವ ಸಲಹೆಗಾರನೊಬ್ಬ ವಿಡಿಯೋ ಕಾಲಿನಲ್ಲಿ ಸಿಕ್ಕ. ನಿನ್ನೆ ಮೊನ್ನೆ ಮೀಸೆ ಬಂದವನು. "ಮೇಡಂ, ನಿಮ್ಮ ಪ್ರೊಫೈಲ್‌ನಲ್ಲಿ ಟೆಕ್ನಿಕಲ್ ಜಾಸ್ತಿ ಆಯ್ತು. ನಿಮ್ಮಿಂದ ಏನು ಬದಲಾಯ್ತು, ಅದನ್ನ ಹೇಳಿ" ಅಂದ. ಏನೂ ಏರುಪೇರಾಗದಂತೆ ನೋಡಿಕೊಳ್ಳುವುದಕ್ಕೇ ಕಣಪ್ಪ ನನಗೆ ಸಂಬಳ ಎಂದರೆ ಅವನ ತಲೆಗೆ ಹೋಗಲಿಲ್ಲ. ಆದರೆ ಒಂದು ಮಾತನ್ನು ಮಾತ್ರ ಸರಿಯಾಗಿ ಹೇಳಿದ: "ನಿಮ್ಮ ಬಗ್ಗೆ ನೀವೇ ಹೇಳ್ಕೊಂಡ್ರೆ ಅಷ್ಟಕ್ಕಷ್ಟೇ. ಹತ್ತಿರದಿಂದ ನೋಡಿರೋ ಮ್ಯಾನೇಜರ್ ಒಂದೆರಡು ಘಟನೆ ಬರೆದ್ರೆ ಅರ್ಜಿ ಗಟ್ಟಿಯಾಗುತ್ತೆ."

ನನ್ನ ಮ್ಯಾನೇಜರ್ ಕೆಟ್ಟವರಲ್ಲ. ರಜೆ ಕೇಳಿದರೆ ಇಲ್ಲ ಎಂದವರಲ್ಲ, ಎಲ್ಲರ ಮುಂದೆ ದನಿಯೇರಿಸಿದವರಲ್ಲ. ವರ್ಷಗಟ್ಟಲೆ ನಮ್ಮ ಸಾಲಿನ ಕೊನೆಯ ಕೋಣೆಯಲ್ಲೇ ಕುಳಿತವರು. ಕ್ಯಾಂಟೀನಿನಲ್ಲಿ ಕೇಳಿದಾಗ "ಅಯ್ಯೋ, ಅದಕ್ಕೇನಂತೆ ಕಣಮ್ಮ, ಕೊಟ್ಬುಡೋಣ" ಅಂದರು. ನನಗೆ ಸಂತೋಷವೋ ಸಂತೋಷ. ಎಂಬಿಎ ಸಂಸ್ಥೆಯವರು ಶಿಫಾರಸಿಗೆಂದು ಅವರ ಹೆಸರಿಗೆ ಕಳಿಸಿದ ಲಿಂಕು ಅದೇ ಮಧ್ಯಾಹ್ನ ನನ್ನ ಇನ್‌ಬಾಕ್ಸಿಗೆ ಬಂದು ಬಿತ್ತು. ಜೊತೆಗೆ ಒಂದು ಸಾಲು. ನೀವೇ ಬರೆದು ಕಳಿಸಿ, ನಾನು ಸಬ್ಮಿಟ್ ಮಾಡುತ್ತೇನೆ.

ಕೋಣೆಗೇ ಹೋದೆ. "ಸಾರ್, ಇದು ನೀವು ಬರೀಬೇಕಾಗಿರೋದು."

"ನಂಗೆಲ್ಲಿ ಟೈಮಿದೆ ಹೇಳಿ? ನಿಮ್ಮಷ್ಟು ಚೆನ್ನಾಗಿ ಬರಿಯೋಕೂ ಬರಲ್ಲ. ನನ್ನ ಅಪ್ರೈಸಲ್ಲೂ ನೀವೇ ತಾನೆ ಬರ್ಕೊಟ್ಟಿದ್ದು?"

ಅದು ನಿಜವಾಗಿತ್ತು. ಹೊರಗೆ ಬಂದೆ.

ಕುಂಬಾರಕೊಪ್ಪಲಿನ ಮನೆ ತಲುಪಿದವಳೇ ಚಪ್ಪಲಿ ಬಿಡುವ ಮೊದಲೇ ಗಂಡನ ಮುಂದೆ ಕೂಗಾಡಿದೆ. ಅವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. "ಎಲ್ಲಾರೂ ಹಿಂಗೇ ಮಾಡೋದು ಕಣೇ. ಬರ್ದು ಕೊಟ್ಬುಡು ಅತ್ಲಾಗೆ" ಅಂದರು. ಸಲಹೆಗಾರನಿಗೆ ಫೋನು ಮಾಡಿದರೆ ಅವನೂ ಅದನ್ನೇ ಅಂದ, ಅಷ್ಟೇ ಅಲ್ಲ, ನಮೂನೆಗೊಂದು ಪತ್ರವನ್ನೂ ಕಳಿಸಿದ. ಇದರಲ್ಲಿ ತಪ್ಪಿದೆ ಎಂದು ಇಡೀ ಊರಿನಲ್ಲಿ ನನ್ನೊಬ್ಬಳಿಗೇ ಅನಿಸುತ್ತಿದ್ದಂತಿತ್ತು.

ಬರೆಯಲು ಕುಳಿತೆ. ಕಡಿಮೆ ಹೊಗಳಿದರೆ ಸೀಟು ಹೋಗುತ್ತದೆ, ಜಾಸ್ತಿ ಹೊಗಳಿದರೆ ನನಗೇ ವಾಕರಿಕೆ. ಒಂದು ಹಬ್ಬದ ದಿನ ಆ ಅಂಗಡಿಗಳ ಬಿಲ್ಲಿಂಗ್ ಪೂರ್ತಿ ನಿಂತುಹೋಗಿ, ನಾವು ನಾಲ್ಕೈದು ಜನ ಊಟ ತಿಂಡಿ ಬಿಟ್ಟು ಕೂತು ಸರಿಮಾಡಿದ್ದೆವು. ಮ್ಯಾನೇಜರ್ ಅವತ್ತು ನೆಂಟರ ಮದುವೆಯಲ್ಲಿದ್ದರು, ಫೋನೂ ಎತ್ತಿರಲಿಲ್ಲ. ಆದರೂ "ಆಕೆಯ ತಾಳ್ಮೆಯನ್ನು ನಾನು ಅಂದು ಕಣ್ಣಾರೆ ಕಂಡೆ" ಎಂದು ಅವರ ಪರವಾಗಿ ಬರೆದೆ. ಅವರು ನಿಜಕ್ಕೂ ಕಂಡಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಕೊನೆಯ ಪ್ರಶ್ನೆ, ಅಭ್ಯರ್ಥಿಯ ದೌರ್ಬಲ್ಯವೇನು ಎಂದು. ಸಿಟ್ಟು ನೆತ್ತಿಗೇರಿತ್ತು. "ಮೇಲಿನವರು ತಮ್ಮ ಕೆಲಸವನ್ನೂ ಈಕೆಯ ತಲೆಗೆ ಕಟ್ಟುತ್ತಾರೆ. ಆಗುವುದಿಲ್ಲ ಎನ್ನಲು ಈಕೆಗೆ ಬಾಯಿ ಬರುವುದಿಲ್ಲ" ಎಂದು ಬರೆದೆ. ಮ್ಯಾನೇಜರ್ ಓದಿದರೆ ಸ್ವಲ್ಪ ನಾಚಿಕೆಯಾದೀತು, ಆಮೇಲಾದರೂ ತಾವೇ ಕೂತು ಬರೆದಾರು ಎಂಬ ಆಸೆಯಿಂದ ಅವರಿಗೆ ಕಳಿಸಿದೆ.

ಮಾರನೆಯ ದಿನ ಕಾರಿಡಾರಿನಲ್ಲಿ ಸಿಕ್ಕವರು ಹೆಬ್ಬೆರಳೆತ್ತಿ ತೋರಿಸಿದರು. "ಕಳಿಸ್ಬುಟ್ಟೆ ಕಣಮ್ಮ. ಸೂಪರಾಗಿ ಬರ್ದಿದೀರ, ಒಂದಕ್ಷರ ಮುಟ್ಲಿಲ್ಲ ನಾನು." ಮುಟ್ಟಿರಲಿಲ್ಲ, ಓದಿಯೂ ಇರಲಿಲ್ಲ.

ಸಂದರ್ಶನಕ್ಕೆ ಕರೆ ಬಂತು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಆ ಕಡೆ ಮೂವರಿದ್ದರು. ಅವರಲ್ಲಿ ಹಿರಿಯ ಪ್ರಾಧ್ಯಾಪಕಿಯೊಬ್ಬರು ಮುಗುಳ್ನಕ್ಕು, "ನಿಮ್ಮ ಮ್ಯಾನೇಜರ್ ಬಹಳ ಪ್ರಾಮಾಣಿಕರು. ದೌರ್ಬಲ್ಯದ ಬಗ್ಗೆ ಇಷ್ಟು ಮನಸ್ಸು ಬಿಚ್ಚಿ ಯಾರೂ ಬರೆಯುವುದಿಲ್ಲ. ನಿಮ್ಮನ್ನು ಚೆನ್ನಾಗಿ ಗಮನಿಸಿದ್ದಾರೆ" ಅಂದರು. ಆ ಹೊಗಳಿಕೆಯೂ ಮ್ಯಾನೇಜರ್ ಪಾಲಿಗೇ ಹೋಯಿತಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿರುವಾಗ ಆಕೆ ಮುಂದುವರಿಸಿದರು. "ಕೆಲಸದಲ್ಲಿ ನೀವು ಆಗುವುದಿಲ್ಲ ಎಂದು ಹೇಳಿದ ಒಂದು ಸಂದರ್ಭ ತಿಳಿಸಿ."

ಹುಡುಕಿದೆ. ಇಷ್ಟು ವರ್ಷಗಳಲ್ಲಿ ಒಂದೂ ಸಿಗಲಿಲ್ಲ. ಹೇಳಬಹುದಾಗಿದ್ದ ಕಡೆಯ ಸಂದರ್ಭ ಈ ಪತ್ರದ್ದೇ, ಅದನ್ನೂ ಬರೆದುಕೊಟ್ಟು ಬಂದು ಕುಳಿತಿದ್ದೆ. ಹೊಂದಾಣಿಕೆ, ತಂಡದ ಹಿತ ಎಂದು ಏನೇನೋ ತಡವರಿಸಿದೆ. ಆಕೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಸೀಟು ಸಿಗಲಿಲ್ಲ. ಸುದ್ದಿ ಕೇಳಿ ಮ್ಯಾನೇಜರ್ ಕೋಣೆಗೆ ಕರೆದು ಕೂರಿಸಿ, ತಾವೇ ಎದ್ದುಹೋಗಿ ಕಾಫಿ ತಂದುಕೊಟ್ಟರು.

"ನಾನು ಅಷ್ಟು ಚೆನ್ನಾಗಿ ಬರ್ದಿದ್ದೆ ಕಣಮ್ಮ. ನೀವು ಇಂಟರ್‌ವ್ಯೂನಲ್ಲಿ ಏನೋ ಎಡವಟ್ಟು ಮಾಡ್ಕೊಂಡ್ರಿ ಅನ್ಸುತ್ತೆ."

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ಪತ್ರವನ್ನು ತಾವೇ ಬರೆದದ್ದೆಂದು ಅವರು ನಂಬಿಬಿಟ್ಟಿದ್ದರು. "ಮುಂದಿನ್ ವರ್ಷ ಇನ್ನೊಂದ್ಸಲ ಹಾಕಿ. ಲಿಂಕ್ ಬಂದ ತಕ್ಷಣ ಕಳಿಸ್ತೀನಿ, ಹಂಗೇ ಒಂದು ಬರ್ದ್ಬುಡಿ" ಅಂದರು.

"ಆಗಲ್ಲ ಸಾರ್" ಅಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. "ನಾನು ಬರಿಯಲ್ಲ. ನನ್ನ ಕೆಲಸ ಇಷ್ಟು ವರ್ಷ ನೋಡಿರೋರು ನೀವು. ನೀವೇ ಬರೀಬೇಕು."

ಅವರಿಗೆ ಬೇಜಾರೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ತಮ್ಮ ಕಾಫಿ ಲೋಟ ಕೆಳಗಿಟ್ಟು, ಒಂದು ಹಾಳೆ ಎಳೆದುಕೊಂಡು ಪೆನ್ನು ತೆಗೆದರು.

"ಆಯ್ತು ಬುಡಿ, ಬರೀತೀನಿ. ಆದ್ರೆ ಏನಂತ ಬರೀಲಿ? ನೀವು ಏನೇನ್ ಕೆಲಸ ಮಾಡ್ತೀರ ಅಂತ ಒಂದ್ಸಲ ಹೇಳ್ಬುಡಿ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.