ಒಂದೇ ಪೆಟ್ಟಿಗೆಯಲ್ಲಿ ಎರಡು ಮೂತಿ

ಬೆಳಕು ಹರಿಯುವ ಮುಂಚೆ ಅತ್ತೆಯ ಮಾತ್ರೆಗಳನ್ನು ಬಿಡಿಸಿ ಬಟ್ಟಲಿಗೆ ಹಾಕಬೇಕು, ಗಂಡನ ಊಟದ ಡಬ್ಬಿ ಕಟ್ಟಬೇಕು, ನೆನೆಹಾಕಿದ ಬಟ್ಟೆ ಒಗೆದು ಹರವಬೇಕು, ಮಗಳ ತಲೆ ಬಾಚಬೇಕು. ಇಷ್ಟಾದ ಮೇಲೆ ಅವಳು ಕೆಲಸಕ್ಕೆ ಹೊರಡುತ್ತಿದ್ದಳು. ಅಲ್ಲಿಯವರೆಗಿನದನ್ನು ಮನೆಯಲ್ಲಿ ಯಾರೂ ಕೆಲಸ ಎನ್ನುತ್ತಿರಲಿಲ್ಲ.

ಕೆಲಸವೆಂದರೆ ಕಾರ್ ರೇಸಿನ ತಂಡವೊಂದರ ಗೋದಾಮು. ಹಗಲೂ ರಾತ್ರಿ ನಿಲ್ಲದೆ ಓಡುವ ರೇಸುಗಳಿಗೆ ಬೇಕಾದದ್ದನ್ನೆಲ್ಲ ತುಂಬಿ ದೇಶದೇಶಕ್ಕೆ ಕಳಿಸುವವಳು ಅವಳೇ. ಎಲ್ಲರ ಬಾಯಲ್ಲೂ ಅವಳು ಪೆಟ್ಟಿಗೆ ಅಕ್ಕ. ಕುರ್ಚಿ, ಮೇಜು, ಡೇರೆಗಳು ಎಷ್ಟೋ ಮೊದಲೇ ಹಡಗು ಹತ್ತುತ್ತಿದ್ದವು. ಕಾರು, ಅದರ ಬಿಡಿಭಾಗಗಳು ಮಾತ್ರ ವಿಮಾನದಲ್ಲಿ. ವಿಮಾನದವರು ತೂಕಕ್ಕಷ್ಟೇ ಅಲ್ಲ, ಪೆಟ್ಟಿಗೆ ಹಿಡಿಯುವ ಜಾಗಕ್ಕೂ ದುಡ್ಡು ಕೀಳುತ್ತಿದ್ದರು. ಅವಳ ಪೆಟ್ಟಿಗೆಗಳು ಕಾಣದ ದೇಶವಿರಲಿಲ್ಲ. ಅವಳನ್ನು ಮಾತ್ರ ಯಾರೂ ಎಲ್ಲಿಗೂ ಕರೆದಿರಲಿಲ್ಲ.

ಆ ಸಲ ಯಜಮಾನ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಕಾರಿನ ಮುಂಭಾಗದ ಬಿಚ್ಚಿ ಹಾಕುವ ಕವಚವನ್ನು ಗೋದಾಮಿನಲ್ಲಿ ಮೂತಿ ಎನ್ನುತ್ತಾರೆ. ಎಲ್ಲಿ ಗುದ್ದಿದರೂ ಮೊದಲು ಒಡೆಯುವುದು ಅದೇ.

"ಬದಲಿ ಮೂತಿ ಒಂದನ್ನ ಕಳಿಸೋಕೇ ಜೇಬು ತೂತು ಬೀಳ್ತಿದೆ. ಇನ್ನೊಂದು ಇಲ್ಲೇ ಇರ್ಲಿ."

"ಇಡೀ ರಾತ್ರಿ ಓಡೋ ಗಾಡಿ ಸಾರ್, ಒಂದು ಸಾಲಲ್ಲ," ಎಂದ ಮೆಕ್ಯಾನಿಕ್.

"ಎರಡನ್ನೂ ಒಂದೇ ಪೆಟ್ಟಿಗೇಲಿ ಕೂರಿಸ್ತೀನಿ," ಎಂದಳು ಅವಳು. "ಗಾಡಿ ಗೆದ್ರೆ ಮುಂದಿನ ರೇಸಿಗೆ ನನ್ನನ್ನೂ ಕರ್ಕೊಂಡು ಹೋಗ್ಬೇಕು. ನಾನು ಕಟ್ಟಿದ್ದನ್ನ ಅಲ್ಲಿ ಹೇಗೆ ಬಿಚ್ತಾರೆ, ನೋಡ್ಬೇಕು."

"ಬಿಚ್ಚೋದೆಲ್ಲಿ ಬಂತು? ಒದ್ದು ಒಡೀತೀವಿ ಕಣಕ್ಕಾ!" ಎಂದ ಮೆಕ್ಯಾನಿಕ್.

ಯಜಮಾನ ನಕ್ಕುಬಿಟ್ಟ. "ಆಯ್ತಮ್ಮ, ಕೂರಿಸು ನೋಡೋಣ."

ಮೂತಿಗೊಂದು ಪೆಟ್ಟಿಗೆ, ಸುತ್ತ ಸ್ಪಂಜು, ಇದು ಗೋದಾಮಿನ ರೂಢಿ. ಅವಳು ಸ್ಪಂಜನ್ನೆಲ್ಲ ಕಿತ್ತೆಸೆದಳು. ಪಾತ್ರೆಯೊಳಗೆ ಪಾತ್ರೆ ಜೋಡಿಸುವಂತೆ ಒಂದು ಮೂತಿಯೊಳಗೆ ಇನ್ನೊಂದನ್ನು ಇಳಿಸಿ, ನಡುವೆ ಚಾಲಕರ ದಪ್ಪ ಅಂಗಿ, ಮಳೆಕೋಟು, ಟವೆಲ್ಲುಗಳನ್ನು ಮಡಿಸಿ ತುರುಕಿದಳು. ಅವು ಹೇಗೂ ಹೋಗಲೇಬೇಕಿದ್ದವು. ಬಟ್ಟೆಗೆಂದು ಇಟ್ಟಿದ್ದ ಪೆಟ್ಟಿಗೆಯೂ ಉಳಿಯಿತು.

ರೇಸಿನಲ್ಲಿ ಸಂಜೆಗೇ ಕಾರಿನ ಮೂತಿ ಒಡೆಯಿತು. ಬದಲಿಗೆ ಹಾಕಿದ್ದು ನಸುಕಿನಲ್ಲಿ ಚೂರಾಯಿತು. ಇನ್ನೊಂದಿತ್ತಲ್ಲ, ಅದನ್ನು ಸಿಕ್ಕಿಸಿ ಓಡಿಸಿದರು.

"ಅಕ್ಕಾ, ಗೆದ್ವಿ!" ಫೋನಿನಲ್ಲಿ ಮೆಕ್ಯಾನಿಕ್ ಕಿರುಚಿದ. "ನಿಮ್ ಟವೆಲ್ ಬೀಸ್ಕೊಂಡು ಎಲ್ರೂ ಕುಣೀತಿದೀವಿ!"

ಅವಳೂ ಖಾಲಿ ಗೋದಾಮಿನಲ್ಲಿ ಒಬ್ಬಳೇ ಕೇಕೆ ಹಾಕಿದಳು.

ಯಜಮಾನ ಮಾತಿಗೆ ತಪ್ಪಲಿಲ್ಲ. "ಟಿಕೆಟ್ ತೆಗೀಲಾ? ಇವತ್ತು ರಾತ್ರಿಯೊಳಗೆ ಹೇಳು. ಇಲ್ಲಾಂದ್ರೆ ನನ್ ಭಾವಮೈದ ತುದಿಗಾಲಲ್ಲಿ ನಿಂತಿದಾನೆ."

ಮನೆಯಲ್ಲಿ ಗಂಡ ಹುಬ್ಬೇರಿಸಿದ. "ಅಷ್ಟು ದಿನವಾ? ನನ್ ಡಬ್ಬಿ ಯಾರು ಕಟ್ತಾರೆ?"

"ಡಬ್ಬೀಗೆ ಮುಚ್ಚಳ ಹಾಕೋಕೆ ನಿಮಗೂ ಎರಡು ಕೈ ಇದಾವಲ್ಲ ಅಪ್ಪ," ಎಂದಳು ಮಗಳು.

"ನನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದರು ಅತ್ತೆ.

"ಅದೇ ನಾನೂ ಹೇಳೋದು," ಗಂಡ ಟಿವಿಯ ಸದ್ದು ಏರಿಸಿದ. "ಭಾನುವಾರ ಎಲ್ಲರೂ ಕೂತು ಮಾತಾಡೋಣ. ಅಲ್ಲೀವರೆಗೆ ಏನೂ ಹೇಳ್ಬೇಡ."

ಅವಳು ಸಾರಿನ ಒಲೆ ಆರಿಸಿ, ಕೈ ಒರೆಸಿಕೊಂಡು ಮಹಡಿ ಹತ್ತಿದಳು. ಬಾಗಿಲು ಎಳೆದುಕೊಂಡು ಯಜಮಾನನಿಗೆ ಫೋನು ಮಾಡಿದಳು.

"ತೆಗೀರಿ ಸಾರ್," ಎಂದಳು. "ಕಿಟಕಿ ಪಕ್ಕದ ಸೀಟು."