ಸೀರೆಯುಟ್ಟ ಮೀನುಗಳು

ಪ್ರಾಣಿಶಾಸ್ತ್ರದ ಮೇಷ್ಟ್ರು ಪ್ರಹ್ಲಾದರಾಯರು ಮೀನು ತಿಂದವರಲ್ಲ, ಅವರು ಕಂಡ ಅತಿ ದೊಡ್ಡ ನೀರೆಂದರೆ ಯಡಿಯೂರು ಕೆರೆ. ಆದರೂ ಜಯನಗರದ ಅವರ ಮನೆಗೆ ಯಾರು ಹೋದರೂ ಕಾಫಿಗಿಂತ ಮೊದಲು ಸಮುದ್ರದ ಏಂಜಲ್ ಮೀನುಗಳು ಬರುತ್ತಿದ್ದವು. ಕಾಲೇಜಿನವರು ಬೇಡವೆಂದು ಕೊಟ್ಟ ಹನ್ನೊಂದು ಗಾಜಿನ ಜಾಡಿಗಳು, ಒಳಗೆ ಹನ್ನೊಂದು ಜಾತಿಯ ಮೀನುಗಳು. ಫಾರ್ಮಲಿನ್‌ನಲ್ಲಿ ನೆಂದು ನೆಂದು ಎಲ್ಲಕ್ಕೂ ಈಗ ನೆನೆಸಿಟ್ಟ ಅವಲಕ್ಕಿಯ ಬಣ್ಣ. ರಾಯರು ಮಾತ್ರ ಬೆತ್ತದಿಂದ ಒಂದೊಂದೇ ಜಾಡಿ ತೋರಿಸಿ, “ಇದಕ್ಕೆ ಅರಿಶಿನದ ಒಡಲು, ನವಿಲುನೀಲಿ ಅಂಚು. ಪಕ್ಕದ್ದು ಚಕ್ರವರ್ತಿ ಮೀನು. ಚಿಕ್ಕದಿದ್ದಾಗ ಕಡುನೀಲಿ ಮೈಗೆ ಬಿಳಿ ಬಳೆ, ದೊಡ್ಡದಾದ್ಮೇಲೆ ಹಳದಿ ಗೀರು. ಹಿಂದಿನವ್ರು ಎರಡು ಜಾತಿ ಅಂದ್ಕೊಂಡು ಮೋಸಹೋದ್ರು ನೋಡಿ,” ಎನ್ನುತ್ತಿದ್ದರು. ಅವರ ಬಾಯಲ್ಲಿ ಒಂದು ಮೀನೂ ಬರಿಮೈಯಲ್ಲಿ ಈಜಿದ್ದಿಲ್ಲ. ಎಲ್ಲಕ್ಕೂ ಒಡಲು, ಅಂಚು, ಸೆರಗು ಇರಲೇಬೇಕು. ಈ ಮನುಷ್ಯ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿರಬೇಕಿತ್ತು ಎಂದು ನೆರೆಯವರಾದ ನಾವು ನಗುತ್ತಿದ್ದೆವು. ಒಂದು ಸಂಜೆ ಹೋದಾಗ ರಾಯರು ಹೊಸ ಪುಸ್ತಕದ ಮೀನಿನ ಚಿತ್ರ ತೆರೆದಿಟ್ಟು ಸುಮ್ಮನೆ ಕೂತಿದ್ದರು. ಇದು ಯಾವ ಬಣ್ಣ ಸಾರ್ ಎಂದು ನಾನೇ ಕೆಣಕಿದೆ. “ನಮ್ಮನೆಯವಳು ತರಕಾರಿಗೆ ಹೋಗಿದಾಳೆ, ಬರ್ಲಿ ತಾಳಿ,” ಎಂದರು. “ನಂಗೆ ಹುಟ್ಟಿದಾಗಿಂದ ಬಣ್ಣ ತಿಳಿಯಲ್ಲ. ಅವಳು ನೋಡಿ, ತನ್ನ ಯಾವ ಸೀರೆ ಥರ ಇದೆ ಅಂತ ಹೇಳಿದ್ಮೇಲೇ ಇದಕ್ಕೆ ಬಣ್ಣ.”